ಜೇನಿಗೂ ಉಂಟು ಆಟಿ ತಿಂಗಳು

ಪತ್ತನಾಜೆ ಬಂತು. ಮೇಳದವರು ಗೆಜ್ಜೆ ಬಿಚ್ಚುವ ದಿನ, ದೈವದ ಭಂಡಾರ ಒಳಗೆ ಸೇರುವ ದಿನ. ಇನ್ನು ಕೋಲ, ನೇಮ, ಆಟ ಎಲ್ಲದಕ್ಕೂ ದೀಪಾವಳಿ ತನಕ ರಜೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ತೋಟದ ಮನೆಗಳಲ್ಲಿ ಈ ವಾರ ಯಾರಿಗೂ ಪುರುಸೊತ್ತಿಲ್ಲ. ಸೌದೆ ಒಳಗೆ ಹಾಕಬೇಕು. ಒಡೆದ ಹಂಚು ಬದಲಿಸಬೇಕು. ಅಂಗಳದ ಅಡಿಕೆ ಬಾಚಿ ಗೋಣಿಗೆ ತುಂಬಬೇಕು. ತೋಡಿನ ಹೂಳು ತೆಗೆಯಬೇಕು. ಹಪ್ಪಳ ಡಬ್ಬಿ ಸೇರಬೇಕು, ಹಲಸಿನ ಸೊಳೆ ಉಪ್ಪಿಗೆ ಬೀಳಬೇಕು. ಮನುಷ್ಯನಿಗೆ, ದನಕ್ಕೆ, ಅಡಿಕೆ ಗೊನೆಗೆ ಎಲ್ಲದಕ್ಕೂ ಮಳೆಗಾಲದ ತಯಾರಿ ಉಂಟು.

ತೋಟದ ಬದಿಯಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿರುವ ಜೇನು ಪೆಟ್ಟಿಗೆಗೆ ಮಾತ್ರ ಇಲ್ಲ. ಅದರ ತುಪ್ಪ ತೆಗೆದಾಗಿದೆ. ಬಾಟಲಿ ತುಂಬಿದೆ, ನೆಂಟರಿಗೆ ಹಂಚಿಯೂ ಆಗಿದೆ. ಇನ್ನು ಪೆಟ್ಟಿಗೆಯ ನೆನಪಾಗುವುದು ಚೌತಿ ಕಳೆದ ಮೇಲೆ. ಆಗ ಮುಚ್ಚಳ ಎತ್ತಿದರೆ ಒಳಗೆ ಬೂಸ್ಟು ಹಿಡಿದ ಎರಿ, ಬಲೆ ಕಟ್ಟಿಕೊಂಡ ಮೇಣದ ಹುಳು, ಮೂಲೆಯಲ್ಲಿ ಒಂದೆರಡು ಜಿರಳೆ. ಜೇನು ಇಲ್ಲ.

"ಓಡಿ ಹೋಯ್ತು ಮಾರಾಯ್ರೇ, ನಮ್ಮ ಜಾಗಕ್ಕೆ ಜೇನು ಆಗುವುದಿಲ್ಲ" ಎಂದು ಪೆಟ್ಟಿಗೆ ಅಟ್ಟ ಸೇರುತ್ತದೆ. ಮುಂದೆ ಅದರಲ್ಲಿ ಅಡಿಕೆ ಕತ್ತಿ, ತುಕ್ಕು ಹಿಡಿದ ಮೊಳೆ, ಹಳೆ ಬೋರ್ಡೋ ಪಂಪಿನ ವಾಷರು ಇತ್ಯಾದಿ ಸಂಸಾರ ಹೂಡುತ್ತವೆ. ಅಂಥ ಪೆಟ್ಟಿಗೆ ಇಲ್ಲದ ಗ್ರಾಮ ಈ ತಾಲೂಕುಗಳಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಜಾಗದ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಅದೇ ಜಾಗದಲ್ಲಿ, ಅದೇ ಗುಡ್ಡದ ಬಂಡೆ ಸಂದಿನಲ್ಲಿ, ಹಳೆ ಹುತ್ತದಲ್ಲಿ ತುಡುವೆ ಜೇನು ಯಾರ ಉಪಕಾರವೂ ಇಲ್ಲದೆ ಮಳೆಗಾಲ ಕಳೆಯುತ್ತದಲ್ಲ! ಅದು ಹೇಗೆ? ಅಲ್ಲಿ ಅದರ ತುಪ್ಪ ಅದಕ್ಕೇ ಉಳಿದಿರುತ್ತದೆ, ಅಷ್ಟೇ.

ಪಾಲು ಬೇರೆ, ಪರಾರಿ ಬೇರೆ

ಜೇನಿನವರ ಭಾಷೆಯಲ್ಲಿ ಎರಡು ಮಾತುಂಟು. ಹೂವಿನ ಕಾಲದಲ್ಲಿ ಸಂಸಾರ ಬೆಳೆದು ಪೆಟ್ಟಿಗೆ ಸಾಲದಾದಾಗ ಹಳೆ ರಾಣಿ ಒಂದಷ್ಟು ಹುಳುಗಳನ್ನು ಕಟ್ಟಿಕೊಂಡು ಬೇರೆ ಮನೆ ಹುಡುಕಿ ಹೋಗುತ್ತದೆ. ಹಿಂದೆ ಹೊಸ ರಾಣಿ ಏಳುತ್ತದೆ, ಉಳಿದವರು ಉಳಿಯುತ್ತಾರೆ. ಇದು ಪಾಲಾಗುವುದು. ಅಣ್ಣತಮ್ಮಂದಿರು ಬೇರೆಯಾದ ಹಾಗೆ, ಬೇಸರಪಡುವಂಥದ್ದೇನಿಲ್ಲ. ಪರಾರಿ ಹಾಗಲ್ಲ. ರಾಣಿಯೂ ಇಲ್ಲ, ಕೆಲಸಗಾರರೂ ಇಲ್ಲ, ಮನೆಯೇ ಖಾಲಿ. ಆಹಾರ ಮುಗಿದಾಗ, ಇರುವೆ ನುಗ್ಗಿದಾಗ, ಮೇಣದ ಹುಳು ಎರಿ ತಿಂದಾಗ, ಯಾರಾದರೂ ದಿನಕ್ಕೆ ಮೂರು ಸಲ ಮುಚ್ಚಳ ತೆಗೆದು ಇಣುಕಿದಾಗ ತುಡುವೆ ಹೀಗೆ ಗಂಟುಮೂಟೆ ಕಟ್ಟುತ್ತದೆ. ಈ ಗುಣ ಅದಕ್ಕೆ ಹುಟ್ಟಿನಿಂದಲೇ ಬಂದದ್ದು. ಹೊರದೇಶದಿಂದ ತಂದ ಮೆಲ್ಲಿಫೆರಾ ಜೇನು ಇಷ್ಟು ಸುಲಭಕ್ಕೆ ಮನೆ ಬಿಡುವುದಿಲ್ಲ.

ಬಿಡುವ ಮೊದಲು ತುಡುವೆ ಸೂಚನೆ ಕೊಡದೆ ಇರುವುದೂ ಇಲ್ಲ. ಕೊರತೆಯಿಂದ ಹೋಗುವ ಸಂಸಾರದಲ್ಲಿ ರಾಣಿ ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ, ಆಮೇಲೆ ನಿಲ್ಲುತ್ತದೆ. ಇದ್ದ ಮರಿಗಳು ಹುಳುವಾಗಿ ಹೊರಬರುವ ತನಕ ಕಾಯುತ್ತವೆ. ಮೊಟ್ಟೆಯಿಂದ ಹುಳುವಾಗಲು ಇಪ್ಪತ್ತು ದಿನದ ಆಸುಪಾಸು ಬೇಕು. ಉಳಿದ ತುಪ್ಪವನ್ನೆಲ್ಲ ಹೊಟ್ಟೆಗೆ ತುಂಬಿಕೊಂಡು, ಮಳೆ ಹೊಳವಾಗಿ ಬಿಸಿಲು ಬಿದ್ದ ಒಂದು ದಿನ ಎಲ್ಲ ಒಟ್ಟಿಗೆ ಏಳುತ್ತವೆ. ಅಂದರೆ ಯಜಮಾನನಿಗೆ ಎರಡು ಮೂರು ವಾರದ ನೋಟೀಸು ಸಿಕ್ಕಿರುತ್ತದೆ. ಓದುವವರು ಬೇಕಲ್ಲ!

ಪುತ್ತೂರಿನ ಚಳಿಗೆ ಗೋಣಿ

ಹವ್ಯಾಸಕ್ಕೆಂದು ಎರಡು ಮೂರು ಪೆಟ್ಟಿಗೆ ಇಟ್ಟುಕೊಂಡವರು ಈಗ ಊರೂರಲ್ಲಿ ಇದ್ದಾರೆ. ಪೆನ್ಷನ್ ಮೇಷ್ಟ್ರುಗಳು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಬೆಂಗಳೂರು ಬಿಟ್ಟು ತೋಟಕ್ಕೆ ಬಂದ ಹುಡುಗರು. ಓದಿಕೊಂಡವರು. ಜೇನಿನ ಬಗ್ಗೆ ಇಂಗ್ಲಿಷಿನಲ್ಲಿ ಸಿಗುವ ಪುಸ್ತಕಗಳಲ್ಲಿ ಹೆಚ್ಚಿನವು ಚಳಿ ದೇಶದವು. ಅದರಲ್ಲಿ ಚಳಿಗಾಲದ ತಯಾರಿಯದ್ದೇ ಒಂದು ದೊಡ್ಡ ಅಧ್ಯಾಯ. ಅದನ್ನು ಓದಿ ಡಿಸೆಂಬರಿನಲ್ಲಿ ಪೆಟ್ಟಿಗೆಗೆ ಗೋಣಿ ಸುತ್ತಿದವರೂ ಉಂಟು. ಪುತ್ತೂರಿನ ಚಳಿಗೆ! ಜೇನು ಒಳಗೆ ಬೆವರಿ ರೆಕ್ಕೆ ಬೀಸುತ್ತಾ ಕೂತದ್ದೇ ಬಂತು.

ಪುಸ್ತಕ ಸುಳ್ಳಲ್ಲ, ತಿಂಗಳು ಮಾತ್ರ ಬೇರೆ. ಹಿಮ ಬೀಳುವ ಊರಿನಲ್ಲಿ ಹೂ ಇಲ್ಲದ, ಹೊರಗೆ ಹಾರಲಾಗದ ತಿಂಗಳುಗಳು ಚಳಿಗಾಲದಲ್ಲಿ ಬರುತ್ತವೆ. ಅಲ್ಲಿ ಮೆಲ್ಲಿಫೆರಾ ಹುಳುಗಳು ಮುದ್ದೆ ಕಟ್ಟಿ, ಮೈ ನಡುಗಿಸಿ ಬಿಸಿ ಹುಟ್ಟಿಸಿಕೊಂಡು, ಕೂಡಿಟ್ಟ ತುಪ್ಪ ತಿಂದು ತಿಂಗಳುಗಟ್ಟಲೆ ಬದುಕುತ್ತವೆ. ಒಳ್ಳೆಯ ಸಾಕಣೆಗಾರ ಒಂದು ಪೆಟ್ಟಿಗೆಯಲ್ಲಿ ಇಪ್ಪತ್ತು ಮೂವತ್ತು ಕಿಲೋ ತುಪ್ಪ ಮುಟ್ಟದೆ ಬಿಡುತ್ತಾನೆ. ನಮ್ಮಲ್ಲಿ ಹೂ ಇಲ್ಲದ, ಹಾರಲಾಗದ ತಿಂಗಳು ಎಂದರೆ ಜೂನ್, ಜುಲೈ, ಆಗಸ್ಟ್. ಈ ಜಿಲ್ಲೆಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಸುರಿಯುವ ಮಳೆಯ ಬಹುಪಾಲು ಈ ಮೂರು ತಿಂಗಳಲ್ಲೇ ಬರುತ್ತದೆ. ಅರಳಿದ ಹೂವಿನ ರಸ ತೊಳೆದು ಹೋಗುತ್ತದೆ, ಪರಾಗ ಒದ್ದೆಯಾಗಿ ಉದುರುತ್ತದೆ. ತೆಂಗು ವರ್ಷವಿಡೀ ಹೂ ಬಿಡುತ್ತದೆ ಎನ್ನುವುದು ಹೌದಾದರೂ ಸುರಿಯುವ ಮಳೆಯಲ್ಲಿ ಅಲ್ಲಿ ತನಕ ಹೋಗುವವರು ಯಾರು?

ಹಿಂದೆ ನಮ್ಮ ಮನೆಗಳಲ್ಲಿ ಆಟಿ ಎಂದರೆ ಇದೇ ಕತೆ. ಅಕ್ಕಿ ಮುಡಿ ಬರಿದಾದ ತಿಂಗಳು. ತಗಟೆ ಸೊಪ್ಪು, ಕೆಸುವಿನ ಪತ್ರೊಡೆ, ಹಲಸಿನ ಬೀಜ, ಉಪ್ಪಿನ ಸೊಳೆ ತಿಂದು, ಅಮಾವಾಸ್ಯೆಗೆ ಪಾಲೆ ಕೆತ್ತೆಯ ಕಷಾಯ ಕುಡಿದು ಕಳೆಯುತ್ತಿದ್ದ ತಿಂಗಳು. ಮೇ ತಿಂಗಳಲ್ಲಿ ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕಿದ್ದರೆ ಆಟಿಗೆ ಪಲ್ಯ ಇತ್ತು. ಇಲ್ಲದಿದ್ದರೆ ಇಲ್ಲ. ಜೇನು ಕೂಡಾ ತನ್ನ ಆಟಿಗೆ ಬೇಕಾದ್ದನ್ನು ಮೇ ತಿಂಗಳೊಳಗೇ ಹಾಕಿ ಇಟ್ಟಿರುತ್ತದೆ. ಅದನ್ನು ನಾವು ತೆಗೆದು ಬಾಟಲಿಗೆ ಹಾಕುತ್ತೇವೆ.

"ಒಳಗಿನದ್ದೂ ತೆಗೆಯುವ ಭಾವಾ"

ಹಾಗಾಗಿ ಮಳೆಗಾಲದ ತಯಾರಿ ಶುರುವಾಗುವುದು ತುಪ್ಪ ತೆಗೆಯುವ ದಿನವೇ. ಈ ಕಡೆ ಫೆಬ್ರವರಿ, ಮಾರ್ಚಿನಲ್ಲಿ ರಬ್ಬರು ಚಿಗುರಿದಾಗ ಎಲೆ ತೊಟ್ಟಿನ ಗ್ರಂಥಿಯಿಂದ ಸಿಹಿ ರಸ ಬರುತ್ತದೆ. ಹೂವಿನದ್ದಲ್ಲ, ಚಿಗುರಿನದ್ದು. ಅದರ ಹಿಂದೆ ಮುಂದೆ ಕಾಡಿನ ಮರಗಳ ಹೂವು. ಕೊಡಗಿನ ಗಡಿಗೆ ತಾಗಿದವರಿಗೆ ಕಾಫಿ ಹೂವೂ ಉಂಟು. ತುಪ್ಪ ತುಂಬಿದ ಜೇನು ಕೋಣೆ ಮೇಲೆ, ರಾಣಿ ಮತ್ತು ಮರಿಗಳು ಇರುವ ಸಂಸಾರ ಕೋಣೆ ಕೆಳಗೆ. ಮೇಲಿನದ್ದು ಯಜಮಾನನಿಗೆ, ಕೆಳಗಿನದ್ದು ಜೇನಿಗೆ ಎಂಬುದು ಕಾಯಿದೆ.

ಕಾಯಿದೆ ಮುರಿಯುವುದು ಕೊನೆಯ ಸಲ. ಮೇಲಿನ ಎರಿಗಳನ್ನು ಯಂತ್ರಕ್ಕೆ ಹಾಕಿ ತಿರುಗಿಸಿ ಆಯಿತು. ಪೇಟೆಯಿಂದ ಇನ್ನೂ ಎರಡು ಬಾಟಲಿಗೆ ಫೋನು ಬಂದಿದೆ. ಸಂಸಾರ ಕೋಣೆಯ ಎರಿಗಳ ಮೇಲಂಚಿನಲ್ಲಿ, ಬದಿಯ ಎರಡು ಎರಿಗಳಲ್ಲಿ ಬಿಳಿ ಮುಚ್ಚಳ ಕಟ್ಟಿದ ತುಪ್ಪ ಹೊಳೆಯುತ್ತಾ ಉಂಟು. "ಒಳಗಿನದ್ದೂ ತೆಗೆಯುವ ಭಾವಾ, ಹೇಗೂ ಮತ್ತೆ ಮಾಡ್ತವೆ." ಮತ್ತೆ ಎಲ್ಲಿಂದ ಮಾಡುವುದು? ರಬ್ಬರು ಚಿಗುರಿ ಮುಗಿಯಿತು, ಕಾಡಿನ ಹೂ ಉದುರಿತು, ಮೋಡ ಕಟ್ಟಿತು. ಅಡುಗೆ ಮನೆಯ ಬಾಗಿಲಲ್ಲಿ ನಿಂತ ಅಜ್ಜಿಯೊಬ್ಬರು "ಅದಕ್ಕೂ ಬೇಡ್ವಾ ಮಗಾ?" ಎಂದು ಕೇಳುವ ಮನೆಗಳಲ್ಲಿ ಮಾತ್ರ ಆ ಎರಿ ಉಳಿಯುತ್ತದೆ.

ತುಡುವೆಯ ಒಳ್ಳೆಯ ಪೆಟ್ಟಿಗೆ ಕೂಡಾ ವರ್ಷಕ್ಕೆ ಕೊಡುವುದು ಐದಾರು ಕಿಲೋದಿಂದ ಹತ್ತು ಕಿಲೋ. ಅದರಲ್ಲಿ ಕೊನೆಯ ಒಂದು ಕಿಲೋ ಬಿಡುವುದೇ ಕಷ್ಟ, ಅದೂ ಒಳ್ಳೆಯ ರೇಟಿರುವಾಗ. ಆದರೆ ಒಂದು ಕಿಲೋ ಆಸೆಗೆ ಹೋಗುವುದು ಇಡೀ ಸಂಸಾರ. ಹೊಸ ಸಂಸಾರ ಕೊಂಡುಕೊಳ್ಳುವ ದುಡ್ಡಿಗೆ ಆ ಕಿಲೋ ಎಲ್ಲಿಗೂ ಸಾಲದು. ಮೇಲಾಗಿ ಮೇ ಕೊನೆಯಲ್ಲಿ, ಗಾಳಿಯಲ್ಲೇ ನೀರು ತುಂಬಿರುವಾಗ, ಮುಚ್ಚಳ ಕಟ್ಟದ ಎರಿಯಿಂದ ತೆಗೆದ ತುಪ್ಪ ನೀರಾಗಿರುತ್ತದೆ. ಹುಳಿ ಬಂದು ಬಾಟಲಿಯ ಬಿರಡೆ ಹಾರಿಸುತ್ತದೆ. ಗಿರಾಕಿಯೂ ಹೋಗುತ್ತಾನೆ.

ಈ ವಾರದ ಕೆಲಸ

ಜೂನ್ ಬರಲಿ ನೋಡುವ ಎನ್ನುವವರಿಗೆ 2025 ನೆನಪಿರಬೇಕು. ಆ ವರ್ಷ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಮೇ 24ಕ್ಕೆ. 2009ರ ನಂತರ ಅಷ್ಟು ಬೇಗ ಬಂದದ್ದಿಲ್ಲ. ಹೆಚ್ಚುಕಡಿಮೆ ಪತ್ತನಾಜೆಯ ಹೊತ್ತಿಗೇ ಕರಾವಳಿಯಲ್ಲಿ ಹೊಡೆದು ಸುರಿಯಿತು. ಅದಕ್ಕೂ ಮೊದಲು 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ. ಮಳೆ ಶುರುವಾದ ಮೇಲೆ ಪೆಟ್ಟಿಗೆ ಬಿಚ್ಚಿ ಕೆಲಸ ಮಾಡುವುದು ಮರಿಗಳಿಗೆ ಥಂಡಿ ಹಿಡಿಸಿದ ಹಾಗೆ. ಅವುಗಳಿಗೆ ಮೂವತ್ತಮೂರು ಮೂವತ್ತೈದು ಡಿಗ್ರಿ ಬಿಸಿ ಬೇಕು.

ಮೊದಲನೆಯದು, ಮನೆ ಸಣ್ಣದು ಮಾಡುವುದು. ಖಾಲಿಯಾದ ಜೇನು ಕೋಣೆಯ ಎರಿಗಳನ್ನು ತೆಗೆಯಬೇಕು. ಸಂಸಾರ ಕೋಣೆಯಲ್ಲೂ ಹುಳು ಮುಚ್ಚಿ ಕೂರಲಾರದ ಎರಿ, ಕಪ್ಪು ಹಿಡಿದ ಹಳೆ ಎರಿ ಇದ್ದರೆ ತೆಗೆದು ಮೇಣ ಕಾಯಿಸಿಕೊಳ್ಳಬೇಕು. ಕಾವಲಿಲ್ಲದ ಎರಿಯೇ ಮೇಣದ ಪತಂಗಕ್ಕೆ ತೊಟ್ಟಿಲು. ಅದು ರಾತ್ರಿ ಬಂದು ಸಂದಿಗೊಂದಿಯಲ್ಲಿ, ಅಡಿ ಹಲಗೆಯ ಕಸದಲ್ಲಿ ಮೊಟ್ಟೆ ಇಡುತ್ತದೆ. ಅದರ ಮರಿ ಎರಿಯ ನಡುವೆ ಸುರಂಗ ಕೊರೆದು ರೇಷ್ಮೆಯಂಥ ಬಲೆ ಹೆಣೆಯುತ್ತದೆ. ಹೆಚ್ಚಿನವರು "ಮೇಣದ ಹುಳು ಬಂದು ಜೇನು ಹೋಯ್ತು" ಎನ್ನುತ್ತಾರೆ. ಎಷ್ಟೋ ಕಡೆ ನಡೆದದ್ದು ತಿರುಗಾಮುರುಗಾ. ಜೇನು ಕಡಿಮೆಯಾದ್ದರಿಂದ ಮೇಣದ ಹುಳು ಬಂದದ್ದು.

ಎರಡನೆಯದು ಬಿರುಕು. ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಮೆಲ್ಲಿಫೆರಾ ಮರದ ಅಂಟು ತಂದು ಪೆಟ್ಟಿಗೆಯ ಸಂದುಗಳನ್ನು ತಾನೇ ಮೆತ್ತುತ್ತದೆ. ನಮ್ಮ ಮುಜಂಟಿಯಂತೂ ಅಂಟಿನಲ್ಲೇ ಮನೆ ಕಟ್ಟುತ್ತದೆ. ತುಡುವೆಗೆ ಆ ವಿದ್ಯೆ ಇಲ್ಲ. ಬೇಸಗೆಯಲ್ಲಿ ಒಣಗಿ ಬಾಯಿಬಿಟ್ಟ ಹಲಗೆಯ ಸಂದನ್ನು ಯಜಮಾನನೇ ಮುಚ್ಚಿ ಕೊಡಬೇಕು. ಸೆಗಣಿ, ಮಣ್ಣು ಕಲಸಿ ಮೆತ್ತಿದರೆ ಸಾಕು. ಮೇಣವಿದ್ದರೆ ಇನ್ನೂ ಒಳ್ಳೆಯದು.

ಮಾಡಿಗೆ ತಗಡಿನ ತುಂಡು ಇಟ್ಟು ಕಲ್ಲು ಹೇರಬೇಕು. ಅಡಿಕೆ ಹಾಳೆಯಾದರೂ ಆದೀತು, ನಡುವೆ ಒಮ್ಮೆ ಬದಲಿಸಬೇಕಾಗುತ್ತದೆ. ಕೆಲವರು ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಪೆಟ್ಟಿಗೆಗೆ ಅಂಗಿ ತೊಡಿಸಿದ ಹಾಗೆ ಇಡೀ ಸುತ್ತಿಬಿಡುತ್ತಾರೆ. ಹೊರಗಿನ ನೀರು ಬರುವುದಿಲ್ಲ, ಖರೆ. ಒಳಗಿನ ಉಸಿರಿನ ನೀರು ಹೋಗುವುದಕ್ಕೂ ದಾರಿಯಿಲ್ಲ. ಗೋಡೆಯಲ್ಲಿ ಹನಿ ಕಟ್ಟಿ ಎರಿಗೆ ಬೂಸ್ಟು ಬರುತ್ತದೆ. ಮೇಲೆ ಕೊಡೆ ಬೇಕು, ಮೈಗೆ ಮುಸುಕು ಬೇಡ. ಪೆಟ್ಟಿಗೆಯನ್ನು ಒಂದು ಬೆರಳಿನಷ್ಟು ಮುಂದಕ್ಕೆ ಬಾಗಿಸಿ ನಿಲ್ಲಿಸಿದರೆ ಹೊಕ್ಕ ನೀರು ಬಾಗಿಲಲ್ಲೇ ಇಳಿದು ಹೋಗುತ್ತದೆ. ಬಾಗಿಲು ಮಳೆಯ ಇರಿಚಲು ಹೊಡೆಯುವ ಪಡುವಣ ದಿಕ್ಕಿಗೆ ಇರಬಾರದು. ಮೂಡಣಕ್ಕಿದ್ದರೆ ಬೆಳಗಿನ ಒಂದಿಷ್ಟು ಬಿಸಿಲೂ ಸಿಕ್ಕೀತು. ಇನ್ನು ತೆಂಗಿನ ಮರದ ಅಡಿಯಲ್ಲಿ ಪೆಟ್ಟಿಗೆ ಇಟ್ಟವರಿಗೆ ಹೇಳುವುದೇನು? ಬೀಳುವ ಮಡಲಿಗೆ ಕಣ್ಣಿಲ್ಲ.

ಕಾಲಿನ ಅಡಿಯ ನೀರಿನ ಬಟ್ಟಲು ಬೇಸಗೆಯಲ್ಲಿ ಒಣಗುತ್ತಿತ್ತು, ಮಳೆಗಾಲದಲ್ಲಿ ತನ್ನಷ್ಟಕ್ಕೆ ತುಂಬುತ್ತದೆ. ಹಾಗೆಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಪಕ್ಕದ ಹುಲ್ಲು ಹತ್ತೇ ದಿನದಲ್ಲಿ ಮೊಣಕಾಲೆತ್ತರ ಬರುತ್ತದೆ. ಒಂದು ಎಸಳು ಪೆಟ್ಟಿಗೆಗೆ ತಾಗಿದರೆ ಇರುವೆಗೆ ಸೇತುವೆ ಆಯಿತು. ರಾತ್ರಿ ಬೆಳಗಾಗುವುದರೊಳಗೆ ಒಂದು ಸಂಸಾರ ಮುಗಿದ ಉದಾಹರಣೆಗಳಿವೆ.

ಮದ್ದು ಬಿಡುವವರು ಬರುವ ಕಾಲವೂ ಇದೇ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕೀಟನಾಶಕವೇನಲ್ಲ. ಆದರೂ ಮೇಲಿನಿಂದ ಸುರಿದ ಸುಣ್ಣ ಮೈಲುತುತ್ತಿನ ನೀರಿನಲ್ಲಿ ಬಾಗಿಲ ಹುಳುಗಳು ಮೀಯುವುದು ಬೇಡ. ಆ ಸಾಲು ಮುಗಿಯುವ ತನಕ ಪೆಟ್ಟಿಗೆಯ ಮೇಲೆ ಒಂದು ಹಾಳೆ ಕವುಚಿದರೆ ಜೇನಿಗೂ ಕ್ಷೇಮ, ಮರದ ಮೇಲಿರುವವನಿಗೂ ಕ್ಷೇಮ.

ಗೆರಟೆಯಲ್ಲಿ ಪಾನಕ

ಎಷ್ಟು ಬಿಟ್ಟರೂ ಜುಲೈ ಹೊತ್ತಿಗೆ ಕೆಲವು ಪೆಟ್ಟಿಗೆ ಹಗುರಾಗುತ್ತವೆ. ಹಿಂದಿನಿಂದ ಕೈಹಾಕಿ ಸ್ವಲ್ಪ ಎತ್ತಿ ನೋಡಿದರೆ ಅಭ್ಯಾಸವಿದ್ದವರಿಗೆ ತಿಳಿಯುತ್ತದೆ, ಮುಚ್ಚಳ ತೆಗೆಯಬೇಕೆಂದಿಲ್ಲ. ಆಗ ಸಕ್ಕರೆ ಪಾನಕ ಕೊಡಬೇಕು. ಕುದಿಸಿದ ನೀರಿಗೆ ಅಷ್ಟೇ ಸಕ್ಕರೆ ಹಾಕಿ ಕರಗಿಸಿ, ತಣಿದ ಮೇಲೆ ತೆಂಗಿನ ಗೆರಟೆಗೆ ಹೊಯ್ದು, ಹುಳು ಮುಳುಗದ ಹಾಗೆ ಮೇಲೆ ನಾಲ್ಕು ಹುಲ್ಲುಕಡ್ಡಿ ಹಾಕಿ, ಖಾಲಿ ಜೇನು ಕೋಣೆಯೊಳಗೆ ಇಡುವುದು. ವಾರಕ್ಕೆ ಒಂದು ಪೆಟ್ಟಿಗೆಗೆ ಇನ್ನೂರು ಗ್ರಾಂ ಸಕ್ಕರೆ ಎಂದಿಟ್ಟುಕೊಂಡರೂ ಹನ್ನೆರಡು ವಾರಕ್ಕೆ ಎರಡೂವರೆ ಕಿಲೋ ದಾಟುವುದಿಲ್ಲ. ಮನೆಯಲ್ಲಿ ಒಂದು ಪೂಜೆಯ ಪಾಯಸಕ್ಕೆ ಅಷ್ಟು ಹೋಗುತ್ತದೆ.

ಕೊಡುವುದು ಸಂಜೆ ಕತ್ತಲೆಗೆ, ಎಲ್ಲ ಪೆಟ್ಟಿಗೆಗೂ ಒಂದೇ ದಿನ. ಹಗಲು ಕೊಟ್ಟರೆ, ಹೊರಗೆ ಎರಡು ಹನಿ ಚೆಲ್ಲಿದರೆ, ಗಟ್ಟಿ ಸಂಸಾರದವು ಬಂದು ಬಡಪಾಯಿ ಪೆಟ್ಟಿಗೆಯನ್ನು ದೋಚುತ್ತವೆ. ಕಳ್ಳತನ ಮನುಷ್ಯರಲ್ಲಿ ಮಾತ್ರ ಎಂದು ತಿಳಿಯಬಾರದು. ಬೆಲ್ಲ ಬೇಡ, ಭೇದಿಯಾಗುತ್ತದೆ. ಅಂಗಡಿಯ ಜೇನುತುಪ್ಪವಂತೂ ಬೇಡವೇ ಬೇಡ, ಯಾವ ಊರಿನ ರೋಗ ಅದರೊಟ್ಟಿಗೆ ಬರುತ್ತದೋ ಹೇಳಲಾಗದು. ಮತ್ತೊಂದು ಮಾತು, ಹೂ ಶುರುವಾದ ಮೇಲೂ ಪಾನಕ ಕೊಡುತ್ತಾ ಹೋಗಿ ಅದನ್ನೇ ತಿರುಗಿಸಿ "ಕಾಡುಜೇನು" ಎಂದು ಮಾರುವವರ ವಿಚಾರ ಇಲ್ಲಿ ಬೇಡ. ಅದು ಬೇರೆಯೇ ಪುಟದ ಸುದ್ದಿ.

ಪಾನಕ ಹೊಟ್ಟೆ ತುಂಬುತ್ತದೆ, ಮರಿ ಬೆಳೆಸುವುದಿಲ್ಲ. ಮರಿಗೆ ಪರಾಗ ಬೇಕು. ದುಡಿಮೆಯ ಕಾಲದಲ್ಲಿ ಕೆಲಸಗಾರ ಹುಳುವಿನ ಆಯುಷ್ಯ ಆರೇಳು ವಾರ. ಮಳೆಯಲ್ಲಿ ಕೂತುಂಡು ಸ್ವಲ್ಪ ಹೆಚ್ಚು ಬದುಕಿದರೂ ಮೇ ತಿಂಗಳ ಹುಳು ಸೆಪ್ಟೆಂಬರ್ ಕಾಣುವುದು ಕಷ್ಟ. ನಡುವೆ ಒಂದಿಷ್ಟು ಮರಿ ಏಳಲೇಬೇಕು. ಅದಕ್ಕೇ ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಜೇನು ಹಾರುವಷ್ಟು ದೂರದಲ್ಲಿ ಏನಾದರೂ ಅರಳಿರಬೇಕು. ಅಂಗಳದ ಗೌರಿ ಹೂ, ತೋಟದ ಬದಿಯ ಮುಟ್ಟಿದರೆ ಮುನಿ ಇವೆಲ್ಲ ಆಗ ಲೆಕ್ಕಕ್ಕೆ ಬರುತ್ತವೆ. ಕಳೆನಾಶಕ ಹೊಡೆದು ತೋಟವನ್ನು ಸಿಮೆಂಟು ನೆಲ ಮಾಡಿಕೊಂಡವರ ಪೆಟ್ಟಿಗೆಗೆ ಈ ಭಾಗ್ಯವಿಲ್ಲ.

ಅಟ್ಟ ಸೇರಿದ ಸಹಾಯಧನ

ಈ ಜಿಲ್ಲೆಗೆ ಜೇನು ಹೊಸತಲ್ಲ. ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರಿ ಸಂಘ ಹಳೆಯದು, ಪಕ್ಕದ ಕೊಡಗಿನ ವಿರಾಜಪೇಟೆ, ಭಾಗಮಂಡಲದ ಹೆಸರು ಇನ್ನೂ ದೊಡ್ಡದು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಹಬ್ಬಿದಾಗ ಸಾಕಿದ ತುಡುವೆ ಸಂಸಾರಗಳಲ್ಲಿ ಶೇ. 90ಕ್ಕಿಂತ ಹೆಚ್ಚು ನಾಶವಾದವು. ಮರಿಗಳು ಕೋಶದಲ್ಲೇ ತಲೆಯೆತ್ತಿ, ನೀರು ತುಂಬಿದ ಸಣ್ಣ ಚೀಲದ ಹಾಗೆ ಸತ್ತಿರುತ್ತಿದ್ದವು. ಅದಕ್ಕೆ ಮದ್ದಿಲ್ಲ, ಇವತ್ತಿಗೂ ಇಲ್ಲ. ತಡೆದುಕೊಂಡು ಉಳಿದ ಸಂಸಾರಗಳಿಂದಲೇ ಮತ್ತೆ ಎಲ್ಲ ಎದ್ದು ಬಂದದ್ದು. ಹಾಗಾಗಿ ಇವತ್ತು ಮನೆಯ ಬದಿಯಲ್ಲಿರುವ ಒಂದೊಂದು ತುಡುವೆ ಪೆಟ್ಟಿಗೆಯೂ ಆ ಸಾವಿನಿಂದ ಪಾರಾದವರ ಪೀಳಿಗೆ. ರೋಗ ಗೆದ್ದು ಬಂದದ್ದು ನಮ್ಮ ಒಂದು ಬಾಟಲಿ ಆಸೆಗೆ ಹೋಗುತ್ತದೆ ಎಂದರೆ ಹೇಳುವುದೇನು!

ಸಹಾಯಧನದಲ್ಲಿ ಪೆಟ್ಟಿಗೆ ಹಂಚುವವರಿಗೂ ಇದರಲ್ಲಿ ಒಂದು ಪಾಲುಂಟು. ತರಬೇತಿ ಎಂದರೆ ಸಭಾಭವನದಲ್ಲಿ ಒಂದು ದಿನ, ಉದ್ಘಾಟನೆ, ಸ್ವಾಗತ, ಧನ್ಯವಾದ, ಊಟ. ಪೆಟ್ಟಿಗೆ ಕೈಗೆ ಬರುವಾಗ ಹೂವಿನ ಕಾಲ ಅರ್ಧ ಕಳೆದಿರುತ್ತದೆ. ತುಪ್ಪ ತೆಗೆಯುವುದು ಹೇಗೆಂದು ಹೇಳಿಕೊಡುತ್ತಾರೆ, ಬಿಡುವುದು ಎಷ್ಟೆಂದು ಹೇಳುವುದಿಲ್ಲ. ಜುಲೈಯಲ್ಲಿ ಒಮ್ಮೆ, ಕೊಡೆ ಹಿಡಿದು ಬಂದು, ಕೊಟ್ಟ ಪೆಟ್ಟಿಗೆ ಹೇಗಿದೆ ಎಂದು ನೋಡಿಹೋದರೆ ಲೆಕ್ಕದ ಪುಸ್ತಕದಲ್ಲಿರುವ ಜೇನಿಗೂ ತೋಟದಲ್ಲಿರುವ ಜೇನಿಗೂ ಇಷ್ಟು ಅಂತರ ಬರಲಿಕ್ಕಿಲ್ಲ. ಆ ತಿಂಗಳಲ್ಲಿ ಜೀಪು ಮಣ್ಣಿನ ರಸ್ತೆ ಹತ್ತುವುದಿಲ್ಲ ಎಂಬುದು ಒಂದು ಕಾರಣ ಇರಬಹುದು.

ರಾಣಿ ಹೊರಬಾರದ ಹಾಗೆ ಬಾಗಿಲಿಗೆ ಗೇಟು ಹಾಕಿದರೆ ಆಯಿತಲ್ಲ ಎನ್ನುವವರಿದ್ದಾರೆ. ಹಸಿದ ಮನೆಗೆ ಬೀಗ ಜಡಿದ ಹಾಗೆ. ಒಂದೆರಡು ದಿನ ತಡೆಯಬಹುದು, ಆ ಎರಡು ದಿನದಲ್ಲಿ ಪಾನಕ ಕೊಡದಿದ್ದರೆ ಗೇಟಿನ ಒಳಗೆ ರಾಣಿ ಒಂದೇ ಉಳಿದೀತು.

ಅಟ್ಟದಲ್ಲಿ ಈಗಾಗಲೇ ಖಾಲಿ ಪೆಟ್ಟಿಗೆ ಇರುವವರು ಅದನ್ನು ಒಲೆಗೆ ಹಾಕಬೇಕಾಗಿಲ್ಲ. ಕತ್ತಿ, ಮೊಳೆ ಬೇರೆ ಕಡೆ ಸಾಗಿಸಿ, ಒಳಗಿನ ಬಲೆಯನ್ನೂ ಹಳೆ ಎರಿಯನ್ನೂ ಕೆರೆದು ಸುಟ್ಟು, ಬಿಸಿಲು ಇರುವ ಈ ನಾಲ್ಕು ದಿನದಲ್ಲೇ ಚೆನ್ನಾಗಿ ಒಣಗಿಸಿ ಇಟ್ಟುಕೊಳ್ಳಲಿ. ಸೋಣ ಕಳೆದು, ಮಳೆ ಪೂರ್ತಿ ಬಿಟ್ಟು, ಬೆಳಿಗ್ಗೆ ಇಬ್ಬನಿ ಬೀಳಲು ಶುರುವಾದಾಗ ಕಾಡಿನ ಗೂಡುಗಳು ಪಾಲಾಗುತ್ತವೆ. ಆಗ ಚೌಕಟ್ಟುಗಳಿಗೆ ಸ್ವಲ್ಪ ಹೊಸ ಮೇಣ ಉಜ್ಜಿ, ನೆರಳಿರುವ ಬಂಡೆಯ ಬದಿಯಲ್ಲಿ ಬಾಗಿಲು ತೆರೆದು ಇಟ್ಟರೆ ಬಾಡಿಗೆದಾರರು ತಾವಾಗಿ ಬಂದು ಸೇರುವುದುಂಟು. ಬಂದ ಮೇಲೆ ಮುಂದಿನ ಪತ್ತನಾಜೆಯ ತನಕ ಒಳಕೋಣೆಯ ತುಪ್ಪಕ್ಕೆ ಕೈ ಹಾಕಬಾರದು ಅಷ್ಟೇ.